ದೊಡ್ಡಕ್ಷರದ ಗಣಕಸೂತ್ರ ಮತ್ತು ಕನ್ನಡ ಲಿಪಿ

ಪದದ ಮೊದಲಕ್ಷರವನ್ನು ದೊಡ್ಡಕ್ಷರವಾಗಿಸುವ ಗಣಕಸೂತ್ರವು ನೋಟಕ್ಕೆ ಅತಿ ಸರಳವಾದುದು. ಆಸ್ಕಿ ಸಂಕೇತವ್ಯವಸ್ಥೆಯಲ್ಲಿ ರೋಮನ್ನಿನ ಸಣ್ಣ 'ಎ'ಗೆ 97, ದೊಡ್ಡದಕ್ಕೆ 65. ಆದುದರಿಂದ 32ನ್ನು ಕಳೆದರೆ ಕೆಲಸ ಮುಗಿಯಿತೆಂದು ತೋರುತ್ತದೆ. ಆದರೆ ಪದವು ಅಂಕಿಯಿಂದ ಆರಂಭವಾದರೆ ಈ ವ್ಯವಕಲನ ಅನರ್ಥಕಾರಿ. ಪದವೇ ಬರಿದಾಗಿದ್ದರೆ ಮೊದಲಕ್ಷರವೇ ಇರದು. ಇನ್ನೂ ಸೂಕ್ಷ್ಮವಾದುದು ಉಳಿದ ಅಕ್ಷರಗಳ ಪ್ರಶ್ನೆ. ಪೈಥಾನ್ ಭಾಷೆಯ 'ಕ್ಯಾಪಿಟಲೈಸ್' ಅವನ್ನೆಲ್ಲ ಸಣ್ಣದಾಗಿಸುತ್ತದೆ. ರೋಮನ್ ಗ್ರಂಥಸೂಚಿಯಲ್ಲಿ ಮೂರೂ ದೊಡ್ಡಕ್ಷರಗಳಲ್ಲಿರುವ 'ಡಿವಿಜಿ' ಅದರ ಕೈಗೆ ಸಿಕ್ಕರೆ ಕೊನೆಯ ಎರಡು ಕುಗ್ಗಿಹೋಗುತ್ತವೆ. ಮೊದಲನೆಯದನ್ನು ಬದಲಿಸಿ ಉಳಿದುದನ್ನು ಮುಟ್ಟದಿರುವುದೇ ಲೇಸು.

ಕನ್ನಡದಲ್ಲಿ ಈ ಭೇದವೇ ಇಲ್ಲ. ಯೂನಿಕೋಡನ್ನು ಅನುಸರಿಸುವ ಸೂತ್ರವು 'ಕ್ಷಮೆ'ಯನ್ನು ಇದ್ದಂತೆಯೇ ಹಿಂದಿರುಗಿಸುತ್ತದೆ. ಆದರೆ ಅಲಂಕಾರಕ್ಕಾಗಿ ಮೊದಲಕ್ಷರವನ್ನು ಬೇರ್ಪಡಿಸಹೊರಟರೆ ತೊಡಕುಂಟು. ಗಣಕಕ್ಕೆ 'ಕ್ಷ' ಒಂದಲ್ಲ. ಕಕಾರ, ಹಲಂತಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳು. ಮೊದಲ ಸಂಕೇತವನ್ನಷ್ಟೇ ಕತ್ತರಿಸಿದರೆ 'ಕ' ಒಂದೆಡೆ, ಅನಾಥವಾದ ಹಲಂತಚಿಹ್ನೆ ಮತ್ತೊಂದೆಡೆ.