ಬೆಳ್ಳಿಯ ಮುದ್ರೆ, ಗಾಜಿನ ಹೊಳಪು

ಬೆಂಗಳೂರಿನ ಪೂರ್ವಭಾಗವನ್ನು ಹಿಂದಿನವರು ‘ದಂಡು’ ಎಂದು ಕರೆಯುತ್ತಿದ್ದರು. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಸೇನೆ 1809ರಲ್ಲಿ ಹಲಸೂರಿನ ಸಮೀಪಕ್ಕೆ ಬಂದು ಬೀಡುಬಿಟ್ಟಿತು. ಸೇನೆಯ ಹಿಂದೆಯೇ ಅಧಿಕಾರಿಗಳು, ಪಾದ್ರಿಗಳು, ವರ್ತಕರು, ಕಸಬುದಾರರು ಬಂದು ನೆಲಸಿದರು. ಮುಂದೆ ಬೆನ್ಸನ್ ಟೌನ್, ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್ ಮೊದಲಾದ ಬಡಾವಣೆಗಳು ತಲೆಯೆತ್ತಿದವು. ಹೆಂಚಿನ ಮಾಡು, ಕಿಟಕಿಯ ಮೇಲೆ ಮರದ ಪಟ್ಟಿಗಳ ಮುಂಚಾಚು, ಸುತ್ತಲೂ ತೋಟ: ಇಂಥ ಮನೆಗಳು ಅಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಅವುಗಳ ಊಟದ ಕೋಣೆಯಲ್ಲಿ ಗಾಜಿನ ಬಾಗಿಲಿನ ಬೀರುವೊಂದು ಇರುವುದು ವಾಡಿಕೆಯಾಗಿತ್ತು. ಬೆಳ್ಳಿಯ ಚಹಾದಾನಿ, ಚಮಚ, ಉಪ್ಪಿನ ಬಟ್ಟಲು, ಕೊರೆದ ಗಾಜಿನ ಹೂಜಿ, ಲೋಟ ಅದರೊಳಗೆ ಸಾಲಾಗಿ ನಿಂತಿರುತ್ತಿದ್ದವು.

1947ರ ಜುಲೈ 26ರಂದು ದಂಡಿನ ಆಡಳಿತ ಮೈಸೂರು ಸಂಸ್ಥಾನಕ್ಕೆ ಮರಳಿತು. ಆ ಕಾಲದಲ್ಲೂ ಅನಂತರವೂ ಅನೇಕ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳು ಇಂಗ್ಲೆಂಡಿಗೋ ಆಸ್ಟ್ರೇಲಿಯಕ್ಕೋ ಹೊರಟುಹೋದವು. ಹಡಗಿನಲ್ಲಿ ಒಯ್ಯಲಾಗದ ಸಾಮಾನುಗಳು ಹರಾಜಿಗೆ ಬಂದವು. ಬೀರುವಿನ ವಸ್ತುಗಳು ಕೆಲವು ನೆರೆಯವರ ಪಾಲಾದವು, ಕೆಲವು ಗುಜರಿ ಅಂಗಡಿಗಳನ್ನೂ ಕಮರ್ಷಿಯಲ್ ಸ್ಟ್ರೀಟಿನ ಆಸುಪಾಸಿನ ಬೆಳ್ಳಿ ಅಂಗಡಿಗಳನ್ನೂ ಸೇರಿದವು. ಹಳೆಯ ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸಿಗಳಿಗೆ ಈ ಪ್ರದೇಶ ಪ್ರಿಯವಾದುದು ಹೀಗೆ.

ಸಂಗ್ರಹವೆಂದರೆ ಹಣವಂತರ ವಿಲಾಸವೆಂದು ಹಲವರು ಭಾವಿಸುತ್ತಾರೆ. ಆದರೆ ಹಣವಿದ್ದು ಕಣ್ಣಿಲ್ಲದವನು ಈ ವ್ಯವಹಾರದಲ್ಲಿ ಮೋಸಹೋಗುವುದು ಖಂಡಿತ. ಇಲ್ಲಿ ಮೊದಲು ಬೇಕಾದುದು ಓದುವ ಶಕ್ತಿ. ಏಕೆಂದರೆ ಬೆಳ್ಳಿಗೂ ಒಂದು ಲಿಪಿಯುಂಟು.

ಅಪ್ಪಟ ಬೆಳ್ಳಿ ಬಹಳ ಮೆದು. ಅದರಿಂದ ಮಾಡಿದ ಚಮಚ ಬೇಗನೆ ಬಾಗುತ್ತದೆ. ಆದ್ದರಿಂದ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, ಉಳಿದ 75 ಭಾಗ ಸಾಮಾನ್ಯವಾಗಿ ತಾಮ್ರ ಎಂಬ ಪ್ರಮಾಣ ಇಂಗ್ಲೆಂಡಿನಲ್ಲಿ ರೂಢಿಗೆ ಬಂದಿತು. ಇದೇ ‘ಸ್ಟರ್ಲಿಂಗ್’ ಬೆಳ್ಳಿ. ಅಕ್ಕಸಾಲಿಗನು ಹೆಚ್ಚು ತಾಮ್ರ ಬೆರೆಸಿದರೆ ಕೊಳ್ಳುವವನಿಗೆ ತಿಳಿಯುವುದು ಹೇಗೆ? 1300ರಲ್ಲಿ ಒಂದನೆಯ ಎಡ್ವರ್ಡ್ ದೊರೆಯ ಕಾಲದ ಶಾಸನವು, ಪರೀಕ್ಷೆಯಲ್ಲಿ ಗೆದ್ದ ಬೆಳ್ಳಿಗೆ ಚಿರತೆಯ ತಲೆಯ ಮುದ್ರೆ ಒತ್ತಬೇಕೆಂದು ವಿಧಿಸಿತು. 1478ರಿಂದ ವರ್ಷವನ್ನು ಸೂಚಿಸುವ ಅಕ್ಷರವೂ, 1544ರಿಂದ ನಡೆಯುವ ಸಿಂಹದ ಚಿತ್ರವೂ ಸೇರಿದವು. 1773ರಲ್ಲಿ ಬರ್ಮಿಂಗ್‌ಹ್ಯಾಮ್ ಊರಿಗೆ ಲಂಗರಿನ ಗುರುತೂ ಶೆಫೀಲ್ಡಿಗೆ ಕಿರೀಟದ ಗುರುತೂ ದೊರೆತವು. ತಯಾರಕನ ಹೆಸರಿನ ಮೊದಲಕ್ಷರಗಳು ಬೇರೆ. ಒಂದು ಚಮಚದ ಹಿಡಿಯ ಹಿಂಬದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದನ್ನು ಯಾರು, ಯಾವ ಊರಿನಲ್ಲಿ, ಯಾವ ವರ್ಷ ಮಾಡಿದರೆಂಬುದು ಅಂಗುಲದಷ್ಟು ಜಾಗದಲ್ಲಿ ಸಿಗುತ್ತದೆ. ನಮ್ಮ ರಾಜರ ತಾಮ್ರಶಾಸನಗಳೂ ಇಷ್ಟು ಸಂಕ್ಷೇಪವಾಗಿಲ್ಲ! ನಮ್ಮ ದೇಶದಲ್ಲಿ ಬೆಳ್ಳಿಗೆ ಇಂಥ ಪರೀಕ್ಷಾಮುದ್ರೆಯ ವ್ಯವಸ್ಥೆ ಬಂದುದು 2005ರಲ್ಲಿ.

ಹೊಳೆಯುವುದೆಲ್ಲ ಬೆಳ್ಳಿಯಲ್ಲ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಎಂಬವರು 1840ರಲ್ಲಿ ವಿದ್ಯುತ್ತಿನಿಂದ ಬೆಳ್ಳಿಯ ಗಿಲೀಟು ಹಾಕುವ ವಿಧಾನಕ್ಕೆ ಹಕ್ಕುಪತ್ರ ಪಡೆದರು. ಆಮೇಲೆ ನಡುವರ್ಗದ ಮನೆಗಳಿಗೂ ಬೆಳ್ಳಿಯಂಥ ಸಾಮಾನು ಬಂದಿತು. ಇವುಗಳ ಮೇಲೆ ‘ಈ.ಪಿ.ಎನ್.ಎಸ್.’ ಎಂಬ ಅಕ್ಷರಗಳಿರುತ್ತವೆ. ಒಳಗಿನ ಲೋಹವನ್ನು ನಮ್ಮವರು ಜರ್ಮನ್ ಸಿಲ್ವರ್ ಎನ್ನುತ್ತಾರೆ. ಅದು ತಾಮ್ರ, ನಿಕಲ್, ಸತುಗಳ ಮಿಶ್ರಣ. ಹೆಸರಿನಲ್ಲಿ ಹೊರತು ಅದರಲ್ಲಿ ಬೆಳ್ಳಿ ಇಲ್ಲ. ನೀವು ವಿಜ್ಞಾನದ ತರಗತಿಯಲ್ಲಿ ಕಲಿತ ಆರ್ಕಿಮಿಡೀಸನ ತತ್ತ್ವ ಇಲ್ಲಿ ಕೆಲಸಕ್ಕೆ ಬರುತ್ತದೆ. ವಸ್ತುವನ್ನು ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಒಮ್ಮೆ ತೂಗಿ ಸಾಂದ್ರತೆಯನ್ನು ಲೆಕ್ಕಹಾಕಿದರೆ ಸ್ಟರ್ಲಿಂಗ್ ಬೆಳ್ಳಿ ನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಭಾರ. ಜರ್ಮನ್ ಸಿಲ್ವರ್ ಒಂಬತ್ತು ಪಟ್ಟನ್ನೂ ಮುಟ್ಟದು. ಚಾಕುಗಳ ಹಿಡಿಯಲ್ಲಿ ಮಾತ್ರ ಈ ಪರೀಕ್ಷೆ ನಡೆಯದು. ಅವುಗಳೊಳಗೆ ರಾಳದಂಥ ವಸ್ತುವನ್ನು ತುಂಬಿರುವುದುಂಟು.

ದಂಡಿನ ಬೀರುಗಳಲ್ಲಿದ್ದುದೆಲ್ಲ ವಿಲಾಯತಿಯದಲ್ಲ. 1849ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಪಿ. ಓರ್ ಅಂಡ್ ಸನ್ಸ್ ಸಂಸ್ಥೆಯಲ್ಲಿ ನಮ್ಮ ಕಮ್ಮಾರ-ಅಕ್ಕಸಾಲಿಗ ಪರಂಪರೆಯ ಕುಶಲಿಗಳು ಆಂಗ್ಲರ ಚಹಾದಾನಿಯ ಮೈಮೇಲೆ ದೇವದೇವತೆಗಳ ಸಾಲುಗಳನ್ನು ಉಬ್ಬಿಸಿ ಕೆತ್ತಿದರು. ‘ಸ್ವಾಮಿ ಬೆಳ್ಳಿ’ ಎಂದು ಅದಕ್ಕೆ ಹೆಸರಾಯಿತು. ಕಚ್ಛದ ಭುಜ್ ಪಟ್ಟಣದಲ್ಲಿ ಉಮರ್ಸಿ ಮಾವ್ಜಿ ಎಂಬ ಕುಶಲಿ ಬಳ್ಳಿ ಮತ್ತು ಮೃಗಗಳ ಸೂಕ್ಷ್ಮ ಕೆತ್ತನೆಗೆ ಪ್ರಸಿದ್ಧನಾದನು. ಆತನ ಹೆಸರು ತಿಳಿದಿರುವುದು ನಮ್ಮ ಪುಣ್ಯ. ಅಂಗಡಿಯ ಮುದ್ರೆ ಬಿದ್ದ ಉಳಿದ ನೂರಾರು ಪಾತ್ರೆಗಳಲ್ಲಿ ಕೆತ್ತಿದವನ ಹೆಸರಿಗೆ ಜಾಗವೇ ಇಲ್ಲ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅನಿಲಗಳಿಂದ. ಮೊಟ್ಟೆ ತಿಂದ ಬೆಳ್ಳಿ ಚಮಚ ಬೇಗ ಮಾಸುವುದೂ ಇದೇ ಕಾರಣಕ್ಕೆ. ನಮ್ಮ ಮನೆಗಳಲ್ಲಿ ಅಜ್ಜಿಯರು ವಿಭೂತಿಯಿಂದಲೋ ಅಂಟುವಾಳದ ನೊರೆಯಿಂದಲೋ ಪೂಜೆಯ ಬಟ್ಟಲುಗಳನ್ನು ಬೆಳಗುತ್ತಿದ್ದರು. ಆದರೆ ಪ್ರತಿ ಸಲ ತಿಕ್ಕಿದಾಗಲೂ ಬೆಳ್ಳಿಯ ತೆಳುಪೊರೆಯೊಂದು ಬಟ್ಟೆಯ ಪಾಲಾಗುತ್ತದೆ. ಅತಿಯಾಗಿ ಬೆಳಗಿದ ಪಾತ್ರೆಯಲ್ಲಿ ಮೊದಲು ಅಳಿಯುವುದು ಮುದ್ರೆ. ತಿಳಿದ ಸಂಗ್ರಾಹಕರು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟು ವರ್ಷಕ್ಕೊಮ್ಮೆ ಮಾತ್ರ ಒರಸುತ್ತಾರೆ.

ಗಾಜಿನ ಕಥೆ ಬೇರೆ. ಅದಕ್ಕೆ ಮುದ್ರೆಯಿರುವುದು ಅಪರೂಪ. ಅದನ್ನು ಕಣ್ಣು, ಕಿವಿ, ಬೆರಳುಗಳಿಂದಲೇ ಅರಿಯಬೇಕು. ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬ ವರ್ತಕನು 1674ರಲ್ಲಿ ಲಂಡನ್ನಿನಲ್ಲಿ ಹೊಸ ಬಗೆಯ ಗಾಜಿಗೆ ಹಕ್ಕುಪತ್ರ ಪಡೆದನು. ಮುಂದೆ ಅದರಲ್ಲಿ ಸೀಸದ ಆಕ್ಸೈಡನ್ನು ಬೆರೆಸುವ ಕ್ರಮ ನೆಲೆಗೊಂಡಿತು. ಸೀಸ ಬೆರೆತ ಗಾಜು ಭಾರವಾಗಿರುತ್ತದೆ, ಬೆಳಕನ್ನು ಹೆಚ್ಚಾಗಿ ಬಾಗಿಸುತ್ತದೆ, ಕೊರೆಯುವುದಕ್ಕೂ ಮೆತ್ತಗಿರುತ್ತದೆ. ಕೆಲಸಗಾರನು ಲೋಟವನ್ನು ತಿರುಗುವ ಕಬ್ಬಿಣದ ಚಕ್ರಕ್ಕೆ ಒತ್ತಿ ಹಿಡಿಯುವನು. ಮೇಲಿನಿಂದ ನೀರೂ ಮರಳೂ ಸುರಿಯುತ್ತಿರುವುದು. ಒರಟಾಗಿ ಕೊರೆದ ಗೀರುಗಳನ್ನು ಆಮೇಲೆ ಕಲ್ಲಿನ ಸಾಣೆಯಲ್ಲಿ ನಯಮಾಡಿ, ಮರದ ಚಕ್ರದಲ್ಲಿ ಹೊಳಪು ಕೊಡುವರು. ಒಂದು ಕ್ಷಣ ಕೈ ತಪ್ಪಿದರೆ ದಿನಗಳ ದುಡಿಮೆ ಒಡೆದ ಚೂರು.

ಇಂಗ್ಲೆಂಡಿನ ಸರ್ಕಾರ 1745ರಲ್ಲಿ ಗಾಜಿನ ಮೇಲೆ ತೂಕದ ಲೆಕ್ಕದಲ್ಲಿ ತೆರಿಗೆ ಹಾಕಿತು. ಆಳವಾಗಿ ಕೊರೆಯಲು ದಪ್ಪ ಗಾಜು ಬೇಕು, ದಪ್ಪವಾದಷ್ಟೂ ತೆರಿಗೆ. ಆಗ ಆ ತೆರಿಗೆಯಿಲ್ಲದ ಐರ್ಲೆಂಡಿನಲ್ಲಿ ಕಸಬು ಬೆಳೆಯಿತು. 1783ರಲ್ಲಿ ವಾಟರ್‌ಫರ್ಡಿನ ಕಾರ್ಖಾನೆ ಹುಟ್ಟಿದುದು ಹೀಗೆ. 1845ರಲ್ಲಿ ಇಂಗ್ಲೆಂಡಿನ ತೆರಿಗೆ ರದ್ದಾಯಿತು. ಆರೇ ವರ್ಷಗಳ ಮೇಲೆ, 1851ರ ಲಂಡನ್ ಮಹಾಪ್ರದರ್ಶನದಲ್ಲಿ, ಬರ್ಮಿಂಗ್‌ಹ್ಯಾಮಿನ ಆಸ್ಲರ್ ಸಂಸ್ಥೆ ನಾಲ್ಕು ಟನ್ ಗಾಜಿನಿಂದ 27 ಅಡಿ ಎತ್ತರದ ಕಾರಂಜಿಯನ್ನು ನಿಲ್ಲಿಸಿತು. ಇದೇ ಸಂಸ್ಥೆ ಕಲ್ಕತ್ತೆಯಲ್ಲಿ ಅಂಗಡಿ ತೆರೆದು ನಮ್ಮ ರಾಜಮಹಾರಾಜರಿಗೆ ತೂಗುದೀಪಗಳನ್ನು ಮಾರಿತು.

ಅಚ್ಚಿನಲ್ಲಿ ಒತ್ತಿ ಮಾಡಿದ ಅಗ್ಗದ ಗಾಜು ಕೊರೆದ ಗಾಜಿನಂತೆಯೇ ತೋರುತ್ತದೆ. ಬೆರಳಾಡಿಸಿ ನೋಡಬೇಕು. ಕೊರೆದುದರ ಅಂಚು ಹರಿತ, ಅಚ್ಚಿನದು ಮೊಂಡು. ಅಚ್ಚಿನ ಎರಡು ಹೋಳು ಕೂಡಿದ ಕಡೆ ಸಣ್ಣ ಗೆರೆಯೂ ಇರಬಹುದು. ಉಗುರಿನಿಂದ ಮೀಟಿದರೆ ಸೀಸದ ಗಾಜು ಗಂಟೆಯಂತೆ ದೀರ್ಘವಾಗಿ ನುಡಿಯುತ್ತದೆ. ಈ ಹೂಜಿಗಳಲ್ಲಿ ಪಾನೀಯವನ್ನು ದಿನಗಟ್ಟಲೆ ಶೇಖರಿಸುವುದು ಒಳ್ಳೆಯದಲ್ಲ; ಸೀಸ ಮೆಲ್ಲಗೆ ಅದರಲ್ಲಿ ಇಳಿಯುತ್ತದೆ.

ಒಡೆಯುವ ಗಾಜಿಗಿಂತ ಒಡೆಯದ ಬೆಳ್ಳಿಗೇ ಅಪಾಯ ಹೆಚ್ಚು. ಗಾಜನ್ನು ಕರಗಿಸಿ ಲಾಭ ಪಡೆಯುವವರಿಲ್ಲ. ಬೆಳ್ಳಿಗಾದರೋ ಮೂಸೆ ಸದಾ ಕಾದಿರುತ್ತದೆ. 1980ರ ಜನವರಿಯಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ 50 ಡಾಲರಿನ ಹತ್ತಿರಕ್ಕೆ ಏರಿದಾಗ ಅಮೆರಿಕ, ಇಂಗ್ಲೆಂಡುಗಳಲ್ಲಿ ಜನ ಮನೆಯ ಹಳೆಯ ಪಾತ್ರೆಗಳನ್ನು ಸಾಲುಗಟ್ಟಿ ಮಾರಿದರು. ಅವುಗಳಲ್ಲಿ ಬಹುಪಾಲು ಕರಗಿ ಗಟ್ಟಿಯಾದವು. ನಮ್ಮಲ್ಲಿಯೂ ಬೆಲೆ ಏರಿದಾಗಲೆಲ್ಲ ಅಜ್ಜನ ಪಂಚಪಾತ್ರೆ, ಅತ್ತೆಯ ಪನ್ನೀರುದಾನಿ ತಕ್ಕಡಿಗೆ ಬರುತ್ತವೆ. ತಕ್ಕಡಿಗೆ ಗ್ರಾಮುಗಳಷ್ಟೇ ಗೊತ್ತು. 1976ರ ಏಪ್ರಿಲ್ 5ರಿಂದ ಜಾರಿಯಲ್ಲಿರುವ ಪ್ರಾಚ್ಯವಸ್ತು ಕಾನೂನಿನಂತೆ ನೂರು ವರ್ಷ ಕಳೆದ ಕಲಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆ ಕಾನೂನು ವಸ್ತುವನ್ನು ಗಡಿಯಲ್ಲಿ ತಡೆಯಬಲ್ಲದು. ಕುಲುಮೆಯ ಬಾಯಿಗೆ ಕಾವಲು ನಿಲ್ಲುವವರು ಯಾರು?

ಬೆನ್ಸನ್ ಟೌನಿನಲ್ಲಿ ನನಗೆ ಪರಿಚಿತರಾದ ಹಿರಿಯರೊಬ್ಬರು ತಮ್ಮ ನಿವೃತ್ತಿವೇತನದಲ್ಲಿ ಉಳಿಸಿ ಇಂಥ ಮೂವತ್ತು ನಲವತ್ತು ವಸ್ತುಗಳನ್ನು ಕೂಡಿಸಿದ್ದಾರೆ. ಅವುಗಳಲ್ಲೊಂದು ಪುಟ್ಟ ಬೆಳ್ಳಿ ಲೋಟ, ಯಾವುದೋ ಮಗುವಿನ ನಾಮಕರಣದ ಕಾಣಿಕೆ. ಅವರು ಕಂಡಾಗ ಅದು ಕರಗಿಸುವ ರಾಶಿಯಲ್ಲಿ ಬಿದ್ದಿತ್ತಂತೆ. ಬೆಳ್ಳಿಯ ತೂಕಕ್ಕೆ ಇನ್ನಷ್ಟು ಸೇರಿಸಿ ಕೊಟ್ಟು ಬಿಡಿಸಿಕೊಂಡು ಬಂದರು. ಮೈಮೇಲಿನ ಹೆಸರನ್ನು ಉಜ್ಜಿ ತೆಗೆದರೆ ಒಳ್ಳೆಯ ಬೆಲೆಗೆ ಮಾರಬಹುದೆಂದು ಅಂಗಡಿಯವರು ಸೂಚಿಸಿದಾಗ, “ಬೇಡಪ್ಪಾ, ಹಾಗೆಯೇ ಇರಲಿ” ಎಂದರಂತೆ. ಹಾಗೆ ಉಜ್ಜಿದ ಜಾಗ ತೆಳ್ಳಗಾಗಿ ಉಳಿಯುತ್ತದೆ. ಬಾಯಿಯಿಂದ ಹಬೆ ಊದಿದರೆ ಅಳಿಸಿದ ಅಕ್ಷರಗಳ ನೆರಳು ಒಂದು ಕ್ಷಣ ಮೂಡುವುದೂ ಉಂಟೆಂದು ಬೇರೊಂದು ಪಾತ್ರೆಯನ್ನು ಹಿಡಿದು ನನಗೆ ತೋರಿಸಿದರು. ಪ್ರತಿಯೊಂದು ವಸ್ತುವಿನ ತೂಕ, ಮುದ್ರೆ, ಕೊಂಡ ದಿನ, ಕೊಟ್ಟ ಹಣ ಅವರ ನೋಟುಪುಸ್ತಕದಲ್ಲಿ ದಾಖಲಾಗಿವೆ. ಆ ಲೋಟದ ಪುಟದಲ್ಲಿ ಮಗುವಿನ ಹೆಸರೂ ಹುಟ್ಟಿದ ದಿನವೂ ಇವೆ. ಅದರ ಕೆಳಗೆ, ಆ ಮನೆಯವರು ಯಾರಾದರೂ ಕೇಳಿಕೊಂಡು ಬಂದರೆ ಕೊಂಡ ಬೆಲೆಗೇ ಕೊಡತಕ್ಕದ್ದು ಎಂದು ಬರೆದಿಟ್ಟಿದ್ದಾರೆ.