ಸಭೆಯ ತೋಟವೂ ಕಾಡಿನ ದುಂಬಿಗಳೂ

(ಓದತಕ್ಕ ಭಾಗಗಳು: ಆದಿಕಾಂಡ 2:15, ಯಾಜಕಕಾಂಡ 19:9-10, ಧರ್ಮೋಪದೇಶಕಾಂಡ 22:6-7)

ಪ್ರಿಯರೇ, ದೇವರು ಮನುಷ್ಯನನ್ನು ಮೊದಲು ಇರಿಸಿದ ಸ್ಥಳವು ತೋಟವೇ ಆಗಿತ್ತೆಂದು ನಾವೆಲ್ಲರೂ ಬಲ್ಲೆವು. ಅವನಿಗೆ ಒಪ್ಪಿಸಲ್ಪಟ್ಟ ಕೆಲಸವು ಎರಡು ವಿಧವಾದದ್ದು: ವ್ಯವಸಾಯ ಮಾಡುವದು, ಕಾಯುವದು. ಮೊದಲನೆಯದು ನಮ್ಮ ರೈತರಿಗೆ ತಿಳಿದದ್ದೇ. ಎರಡನೆಯದನ್ನು ಈ ತಿಂಗಳು ವಿಚಾರಿಸೋಣ.

ಬದನೆಯ ಹೂವನ್ನು ಕಿತ್ತು ನೋಡಿರಿ. ಅದರ ಪರಾಗವು ಹಳದಿಯಾದ ಸಣ್ಣ ಕೊಳವೆಗಳೊಳಗೆ ಅಡಗಿದ್ದು, ತುದಿಯ ರಂಧ್ರದಿಂದ ಮಾತ್ರ ಹೊರಬೀಳುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಅದನ್ನು ನಡುಗಿಸಿ ಉದುರಿಸುವ ವಿದ್ಯೆಯಿಲ್ಲ. ನೀಲಿ ಪಟ್ಟೆಯುಳ್ಳ ಒಂಟಿ ಜೇನೂ ಮರ ಕೊರೆಯುವ ಕರೀ ದುಂಬಿಯೂ ಹೂವನ್ನು ಅಪ್ಪಿ ಹಿಡಿದು ಝೇಂಕರಿಸುವಾಗ ಪರಾಗವು ಉದುರುತ್ತದೆ. ಗಾಳಿಯಿಂದಲೂ ಕೆಲವು ಕಾಯಿ ಕಚ್ಚುತ್ತವೆ. ಇವು ಬಂದರೆ ಹೆಚ್ಚು ಕಚ್ಚುತ್ತವೆ. ಕುಂಬಳದಲ್ಲಾದರೋ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಪರಾಗ ಹೊರುವ ಜೀವಿ ಬಾರದಿದ್ದರೆ ಪೀಚು ಹಳದಿಯಾಗಿ ಉದುರಿಹೋಗುವದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ದಕ್ಷಿಣ ಇಂಡಿಯಾದ ತುಡುವೆ ಜೇನುಗಳಲ್ಲಿ ಹಬ್ಬಿ ಅಸಂಖ್ಯ ಕುಟುಂಬಗಳನ್ನು ಅಳಿಸಿತು. ಒಂದೇ ಜಾತಿಯ ಜೇನನ್ನು ನೆಚ್ಚಿದವನ ಗತಿ ಏನೆಂದು ಇದರಿಂದ ತಿಳಿಯಬಹುದು.

ಆದದರಿಂದ ಆಲಯದ ಸುತ್ತಲಿನ ಖಾಲಿ ನೆಲದಲ್ಲಿ ಸಭೆಯವರು ಕೂಡಿ ನಾಡಿನ ಗಿಡಗಳನ್ನು ಬೆಳೆಸುವದು ಯುಕ್ತ. ಬೇಲಿಗೆ ಲಕ್ಕಿ, ಆಡುಸೋಗೆ, ಮೂಲೆಗೆ ಹೊಂಗೆ, ನೇರಳೆ, ನೆಲಕ್ಕೆ ತುಂಬೆ, ಎಕ್ಕವಂತೂ ತಾನಾಗಿ ಬರುತ್ತದೆ. ತುಂಬೆಯೂ ಎಕ್ಕವೂ ವಿಗ್ರಹಗಳಿಗೆ ಏರಿಸುವ ಹೂಗಳಲ್ಲವೇ, ಅವು ಆಲಯದ ಅಂಗಳದಲ್ಲಿ ಯಾಕೆ ಎಂದು ಕೆಲವರು ಕೇಳುವರು. ಈ ಸಂಶಯದಿಂದ ಗಿಡಗಳನ್ನು ಬೇರುಸಹಿತ ಕಿತ್ತವರನ್ನು ನಾವು ಕಂಡಿದ್ದೇವೆ. ಪ್ರಿಯರೇ, ಮೂರನೆಯ ದಿನದಲ್ಲಿ ಭೂಮಿಯು ಮೊಳೆಯಿಸಿದ್ದನ್ನು ದೇವರು ನೋಡಿ ಮೆಚ್ಚಿದಾಗ ವಿಗ್ರಹವೂ ಇರಲಿಲ್ಲ, ಅದನ್ನು ಕೆತ್ತುವ ಕೈಯೂ ಇರಲಿಲ್ಲ. ಗಿಡದ ಮೇಲೆ ಯಾವ ಅಪರಾಧವನ್ನು ಹೊರಿಸುವಿರಿ? ನೆರೆಯವರು ಹೂ ಕೇಳಿಕೊಂಡು ಬಂದರೆ ಅದಕ್ಕಾಗಿ ಜಗಳಕ್ಕೆ ನಿಲ್ಲಬೇಡಿರಿ. ಅಂದಕ್ಕೆಂದು ಲಂಟಾನವನ್ನು ಮಾತ್ರ ನೆಡಬಾರದು; ಅಮೇರಿಕದಿಂದ ಬಂದ ಆ ಮುಳ್ಳುಪೊದೆಯು ನಮ್ಮ ಕಾಡುಗಳನ್ನು ನುಂಗಿದ್ದು ಸಾಕು.

ಅಂಗಳವನ್ನು ಗುಡಿಸಿ ಸಾರಿಸುವದು ಒಳ್ಳೇ ವಾಡಿಕೆ. ಆದರೂ ಹೊಲದ ಅಂಚನ್ನು ಬಡವರಿಗೆ ಬಿಡಬೇಕೆಂಬ ನೇಮವನ್ನು ನೆನಸಿ, ಒಂದು ಮೂಲೆಯನ್ನು ಗುಡಿಸದೆ ಅಗೆಯದೆ ಬಿಡಿರಿ. ನೀಲಿ ಪಟ್ಟೆಯ ಜೇನು ಮಣ್ಣಿನಲ್ಲಿ ಗೂಡು ಕೊರೆಯುತ್ತದೆ. ಕರೀ ದುಂಬಿಗೆ ಒಣಗಿದ ಮರದ ಕೊರಡನ್ನೋ ಬಿದಿರಿನ ತುಂಡುಗಳನ್ನೋ ಇಡಿರಿ, ಇಲ್ಲವಾದರೆ ಅದು ಆಲಯದ ತೊಲೆಯನ್ನೇ ಹುಡುಕೀತು. ಹೆಜ್ಜೇನಿನ ತಟ್ಟಿಗೆ ಬೆಂಕಿ ಹಿಡಿದು ಹುಳಗಳನ್ನು ಸುಡುವ ಸಹೋದರರು, ಮರಿಗಳೊಂದಿಗೆ ತಾಯಿಹಕ್ಕಿಯನ್ನು ಹಿಡಿಯಬಾರದೆಂಬ ಧರ್ಮೋಪದೇಶಕಾಂಡದ ಅಪ್ಪಣೆಯನ್ನು ನಿಧಾನವಾಗಿ ಓದಲಿ. ಪೈರಿಗೆ ಔಷಧ ಹೊಡೆಯಲೇಬೇಕಾದರೆ ಹೂ ಮುಚ್ಚಿದ ಸಾಯಂಕಾಲದಲ್ಲಿ ಹೊಡೆಯತಕ್ಕದ್ದು.

ಲಕ್ಕಿ, ಆಡುಸೋಗೆಗಳ ಕಡ್ಡಿಯನ್ನು ಮುಂಗಾರಿನ ಮೊದಲ ವಾರಗಳಲ್ಲಿ ನೆಟ್ಟರೆ ಬೇರು ಬಿಡುತ್ತದೆ. ಶನಿವಾರ ಸಾಯಂಕಾಲ ಮನೆಗೊಬ್ಬರಂತೆ ಕೆಲಸಕ್ಕೆ ಬರಲಿ; ಬೇಸಿಗೆಯಲ್ಲಿ ನೀರು ಹೊರುವ ಸರದಿಯನ್ನು ಸಭೆಯ ಹಿರಿಯರು ಈಗಲೇ ಬರೆದಿಡಲಿ.