ಸುರಹೊನ್ನೆ ಮೊಳೆಯಲಿಲ್ಲವೇ? ಗೆರಟೆ ಒಡೆದು ನೋಡಿ!

ಕಡಲ ಬದಿಯ ಕೃಷಿಕರಿಗೆ ಉಪ್ಪುಗಾಳಿಯ ಕಾಟ ಹೊಸತಲ್ಲ. ಮಳೆಗಾಲದ ಪಡುಗಾಳಿ ಜೋರಾಯಿತೆಂದರೆ ಬಾಳೆ, ನಿಂಬೆ, ಮಲ್ಲಿಗೆಯ ಎಲೆಗಳೆಲ್ಲ ಕರಟುತ್ತವೆ. ಇದೇ ಗಾಳಿಗೆ ಎದುರಾಗಿ ಹಸುರಾಗಿಯೇ ನಿಲ್ಲುವ ಮರ ಸುರಹೊನ್ನೆ. ದಂಡೆಯ ಹೊಯಿಗೆ ದಿಬ್ಬವೇ ಇದರ ತವರು. ಮನೆಯ ಪಡುಬದಿಗೆ ಒಂದು ಸಾಲು ಇದ್ದರೆ ಒಳಗಿನ ಗಿಡಗಳಿಗೆ ಅದೇ ಬೇಲಿ.

ಹೆಸರಿನಲ್ಲಿ ಮೋಸ ಹೋಗಬೇಡಿ. ಗುಡ್ಡದ ಹೊನ್ನೆ, ಅಂದರೆ ಬೇಂಗ, ಬೇರೆ ಮರ. ಅದರ ಕಾಯಿ ಚಪ್ಪಟೆ, ಸುತ್ತ ರೆಕ್ಕೆ. ಸುರಹೊನ್ನೆಯ ಕಾಯಿ ಗೋಲಿಯಂತೆ ಉರುಟು; ಎಲೆ ದಪ್ಪ, ಹೊಳಪು.

ನಾನು ಎಡವಿದ್ದು

ಮೊದಲ ಸಲ ಐವತ್ತು ಕಾಯಿ ಹೆಕ್ಕಿ ತಂದು ಹಾಗೆಯೇ ತೊಟ್ಟೆಗೆ ಊರಿದೆ. ಒಂದೂವರೆ ತಿಂಗಳು ನೀರು ಹೊಯ್ದರೂ ಒಂದೂ ಮೇಲೆ ಬರಲಿಲ್ಲ. ಬೀಜ ಹಾಳು ಅಂತ ತೊಟ್ಟೆಯ ಮಣ್ಣನ್ನೆಲ್ಲ ತೆಂಗಿನ ಬುಡಕ್ಕೆ ಸುರಿದೆ. ಎರಡು ವಾರ ಕಳೆದು ನೋಡಿದರೆ ಅಲ್ಲಿ ಏಳೆಂಟು ಮೊಳಕೆ! ಬೀಜ ಸರಿಯಾಗಿಯೇ ಇತ್ತು, ನಾನು ಕಾಯಲಿಲ್ಲ.

ಈ ಕಾಯಿ ಕಡಲಲ್ಲಿ ತೇಲಿ ಬೇರೆ ದಡ ಸೇರುವಂಥದ್ದು. ಅದಕ್ಕೇ ಗೆರಟೆ ಅಷ್ಟು ಗಟ್ಟಿ. ಗೆರಟೆಸಹಿತ ಊರಿದರೆ ಮೊಳೆಯಲು ಸುಮಾರು 57 ದಿನ ಬೇಕು. ಬಿರುಕು ಬಿಡಿಸಿದರೆ 38 ದಿನ, ಪೂರ್ತಿ ತೆಗೆದರೆ 22 ದಿನ ಸಾಕು.

ಸಸಿ ಮಾಡುವ ಕ್ರಮ

ಬಲಿತು ಬಿದ್ದ ಹೊಸ ಕಾಯಿಯನ್ನೇ ಹೆಕ್ಕಿ. ಒಂದು ರಾತ್ರಿ ನೀರಲ್ಲಿ ನೆನೆಸಿದರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ. ಮತ್ತೆ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಒಳಗಿನ ತಿರುಳಿಗೆ ಪೆಟ್ಟಾದರೆ ಕೊಳೆತೇ ಹೋದೀತು. ಕೈ ಕುದುರುವವರೆಗೆ ಬಿರುಕು ಬಿಟ್ಟರೆ ಸಾಕು. ಅರ್ಧ ಹೊಯಿಗೆ, ಅರ್ಧ ಮಣ್ಣು, ಒಂದು ಹಿಡಿ ಹಟ್ಟಿಗೊಬ್ಬರ ಬೆರೆಸಿದ ತೊಟ್ಟೆಗೆ ಒಂದಿಂಚು ಆಳದಲ್ಲಿ ಊರಿ. ನೀರು ನಿಲ್ಲದಂತೆ ತೊಟ್ಟೆಗೆ ತೂತು ಬೇಕೇ ಬೇಕು.

ನೆಡುವುದು, ಸಾಕುವುದು

ಗೇಣುದ್ದ ಮೀರಿದ ಸಸಿಯನ್ನು ಜೂನ್‌ನಲ್ಲಿ ನೆಡಿ. ಬಿಸಿಲು ಬೀಳುವ ಜಾಗವೇ ಆಗಬೇಕು. ಮರ ಅಗಲಕ್ಕೆ ಹರಡುವುದರಿಂದ ಗೋಡೆ, ಬಾವಿಯಿಂದ 20-25 ಅಡಿ ದೂರವಿರಲಿ. ಮೊದಲ ಎರಡು ಬೇಸಗೆ ವಾರಕ್ಕೆರಡು ಸಲ ನೀರು, ಬುಡಕ್ಕೆ ತರಗೆಲೆ. ಆಮೇಲೆ ಅದರ ಪಾಡಿಗೆ ಬಿಡಿ. ಬೆಳವಣಿಗೆ ನಿಧಾನ, ಗೊಬ್ಬರ ಸುರಿದು ಅವಸರ ಮಾಡಿ ಫಲವಿಲ್ಲ.

ಎಣ್ಣೆಯ ಮಾತು

ಕರೆಂಟು ಬರುವ ಮೊದಲು ಕರಾವಳಿಯ ಮನೆಗಳಲ್ಲಿ ದೀಪಕ್ಕೆ ಹೊನ್ನೆ ಎಣ್ಣೆ ಉರಿಯುತ್ತಿತ್ತು. ತಿರುಳನ್ನು ಕಂದುಬಣ್ಣಕ್ಕೆ ತಿರುಗುವವರೆಗೆ ಚೆನ್ನಾಗಿ ಒಣಗಿಸಿದರೆ ಮಾತ್ರ ಗಾಣದಲ್ಲಿ ಎಣ್ಣೆ ಬಿಡುತ್ತದೆ. ಇದು ತಿನ್ನುವ ಎಣ್ಣೆಯಲ್ಲ. ಮಕ್ಕಳ ಕೈಗೆ ಸಿಗದಂತೆ ಇಡಿ. ಗೆಲ್ಲು ಕಡಿಯುವಾಗ ಸೊನೆ ಕಣ್ಣಿಗೆ ತಾಗದಂತೆಯೂ ಜಾಗ್ರತೆ.

ಕಡಲ ದಂಡೆಯ ಹಳೆ ಮರಗಳು ಒಂದೊಂದೇ ಉರುಳುತ್ತಿವೆ. ಇನ್ನೊಂದು ಮರ ಆ ಎತ್ತರಕ್ಕೆ ಬರಲು ವರ್ಷಗಟ್ಟಲೆ ಬೇಕು. ಮುಂದಿನ ಸಲ ಕಡಲ ಕಡೆ ಹೋದಾಗ ಹತ್ತು ಕಾಯಿ ಕಿಸೆಗೆ ಹಾಕಿಕೊಳ್ಳಿ. ಸುತ್ತಿಗೆ ಮನೆಯಲ್ಲಿ ಇದ್ದೇ ಇದೆಯಲ್ಲ!